ಹೂವು ಕಾಣುವವರೆಗೆ

ಫೆಬ್ರವರಿ ೧೧

ತಮ್ಮನಿಗೆ,

ಕಷ್ಟದಲ್ಲಿರುವವರು ಕಾಗದ ಬರೆಯುತ್ತಾರೆ, ಸುಖವಾಗಿರುವವರು ಮರೆಯುತ್ತಾರೆ ಎನ್ನುವ ಲೆಕ್ಕದಲ್ಲಿ ನೋಡಿದರೆ ನೀನು ಬಹಳ ಸುಖವಾಗಿರಬೇಕು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು. ಇದನ್ನು ಮೀನಿನ ಲಾರಿಯ ಡ್ರೈವರ್ ಕೈಯಲ್ಲಿ ಕಳಿಸುತ್ತಿದ್ದೇನೆ. ಅಂಚೆಗಿಂತ ಅವನೇ ವಾಸಿ. ವಾಸನೆ ಒಂದನ್ನು ಸಹಿಸಿಕೋ.

ಚಳಿ ಇನ್ನೂ ಪೂರ್ತಿ ಹೋಗಿಲ್ಲ. ನೀರು ಇಳಿದು ನಡುಹೊಳೆಯ ಬಂಡೆ ಮೇಲೆದ್ದಿದೆ. ಮೀನೆಲ್ಲ ಬಂಡೆಯಾಚೆ ಮಡುವಿನ ತಳ ಹಿಡಿದು ಕೂತಿವೆ, ಮಿಸುಕುವುದಿಲ್ಲ. ಬಿಸಿಲು ನೀರಿಗೆ ಇಳಿದ ಮೇಲೆ ಸ್ವಲ್ಪ ಮೇಲೆ ಬರುತ್ತವೆ. ಆ ಹೊತ್ತಿಗೆ ನಿನ್ನ ಭಾವ ಬಂಡೆಯ ಮೇಲೆ ನಿಂತು ಗಾಳ ಬಿಡುತ್ತಾರೆ. ದಡಕ್ಕೂ ಬಂಡೆಗೂ ನಡುವೆ ಇರುವ ಕಾಲುವೆ ಈಗ ಮೊಣಕಾಲುದ್ದ ಇದೆ, ಪಂಚೆ ಎತ್ತಿಕೊಂಡು ದಾಟಬಹುದು. ನೀರು ಏರಿದರೆ ಮೊದಲು ತುಂಬುವುದೂ ಅದೇ, ನಿನಗೆ ಗೊತ್ತಲ್ಲ.

ಅಪ್ಪನ ಪಿಂಗಾಣಿ ತಟ್ಟೆ ಅದೇ ಜಾಗದಲ್ಲಿದೆ. ದಡದ ಹತ್ತಿರ ನೀರಿನೊಳಗೆ ಕಲ್ಲಿಗೆ ಒರಗಿಸಿ ಇಟ್ಟಿದ್ದೇನೆ. ತಳದ ನೀಲಿ ಹೂವು ಮಾಸಿದೆ, ಆದರೂ ಕಾಣುತ್ತದೆ. "ಹೂವು ಕಾಣೋವರೆಗೆ ಹೊಳೆ ನಮ್ದು, ಹೂವು ಮಾಯವಾದ್ರೆ ಗಾಳ ಎತ್ಕೊಂಡು ಎದ್ದು ಬನ್ನಿ" ಎನ್ನುತ್ತಿದ್ದನಲ್ಲ. ಮೇಲೆಲ್ಲೋ ಮಳೆ ಬಿದ್ದರೆ ನೀರು ಏರುವ ಮೊದಲೇ ಬಗ್ಗಡವಾಗುತ್ತದೆ. ಬಗ್ಗಡವಾಗದೆ ಏರಿದ ನೀರನ್ನು ಅಪ್ಪನೂ ನೋಡಿರಲಿಲ್ಲ, ನಾವೂ ನೋಡಿಲ್ಲ.

ಈ ವರ್ಷ ಹೊಳೆ ಬೇಗ ಬಡವಾಗಿದೆ. ನಿಮ್ಮ ಹೊಸ ಅಣೆಕಟ್ಟಿನವರು ಗೇಟು ಮುಚ್ಚಿ ನೀರು ತುಂಬಿಸಿಕೊಳ್ಳುತ್ತಿದ್ದಾರಂತೆ. ಆ ಗೇಟು ತಿರುಗಿಸುವವನ ಕೈ ಸೇದಿಹೋಗಲಿ. ನೀನು ಕಚೇರಿಯಲ್ಲಿ ಕೂತು ಬರೆಯುವ ಕೆಲಸದಲ್ಲಿರುವುದೊಂದು ಸಮಾಧಾನ. ಹೊಳೆಯ ಕತ್ತು ಹಿಸುಕುವ ಕೆಲಸಕ್ಕೆ ನಮ್ಮ ಮನೆಯವನೇ ಹೋಗಿದ್ದರೆ ನಾನು ಈ ಕಾಗದ ಬರೆಯುತ್ತಿರಲಿಲ್ಲ.

ಅಕ್ಕ

ಮಾರ್ಚ್ ೨

ಅಕ್ಕಾ,

ಕಾಗದ ಸಿಕ್ಕಿತು, ವಾಸನೆ ಸಹಿತ. ಎರಡು ದಿನ ಮನೆಯಲ್ಲೇ ಇದ್ದ ಹಾಗಿತ್ತು.

ನನ್ನ ಕಚೇರಿ ಅಂದರೆ ಒಂದು ಕೋಣೆ. ಒಂದು ಟೇಬಲ್, ಕಾಲು ಅಲುಗಾಡುವ ಒಂದು ಕುರ್ಚಿ, ಒಂದು ಫೋನು. ಆ ಫೋನು ದೊಡ್ಡ ಕಚೇರಿಯ ಜೊತೆ ಮಾತ್ರ ಮಾತಾಡುತ್ತದೆ, ಬೇರೆ ಯಾರ ಜೊತೆಗೂ ಇಲ್ಲ. ಕಿಟಕಿ ತೆರೆದರೆ ನೀರೇ ನೀರು. ಕಾಗದದ ಮೂಲೆಯ ಕಲೆ ಗ್ರೀಸಿನದು. ಯಾರೋ ಟೇಬಲ್ ಮೇಲೆ ಸ್ಪ್ಯಾನರ್ ಇಟ್ಟು ಹೋಗಿದ್ದರು.

ಗೇಟಿನವನನ್ನು ಬೈಯಬೇಡ. ಫೋನು ಬಂದರೆ ತೆರೆಯುತ್ತಾನೆ, ಫೋನು ಬಂದರೆ ಮುಚ್ಚುತ್ತಾನೆ. ಅವನನ್ನು ಕೇಳಿ ಯಾರೂ ಏನೂ ಮಾಡುವುದಿಲ್ಲ. ಹೊಟ್ಟೆಪಾಡು ಎಲ್ಲರಿಗೂ ಒಂದೇ. ಅವನೂ ಯಾರದ್ದೋ ಮನೆಯ ಮಗನೇ ಇರಬೇಕು.

ಸಂತೋಷದ ಸುದ್ದಿ ಒಂದಿದೆ. ಬೇಸಿಗೆ ಬಂದ ಮೇಲೆ ಕೆಳಗಿನ ಪಟ್ಟಣದವರು ಕೇಳಿದಾಗಲೆಲ್ಲ ನೀರು ಬಿಡುತ್ತಾರಂತೆ. ನಿಮಗೂ ಬರುತ್ತದೆ. ಇಲ್ಲಿ ನಿಂತ ನೀರು ಎಷ್ಟು ತಿಳಿಯಾಗಿದೆ ಗೊತ್ತಾ, ಅಪ್ಪ ನೋಡಿದ್ದರೆ ಖುಷಿಪಡುತ್ತಿದ್ದ.

ಭಾವನಿಗೆ ನಮಸ್ಕಾರ.

ತಮ್ಮ

ಏಪ್ರಿಲ್ ೧೯

ತಮ್ಮನಿಗೆ,

ಮಡುವಿನಲ್ಲಿ ನೀರು ಬಿಸಿಯಾಗಿದೆ. ಮೀನು ಈಗ ತಂಪು ಹುಡುಕಿಕೊಂಡು ಹರಿಯುವ ನೀರಿಗೆ ಬರುತ್ತವೆ, ಕಲ್ಲಿನ ಹಿಂದೆ ನೊರೆ ನಿಲ್ಲುವ ಕಡೆ. ನಾನೇ ದಡದಿಂದ ಬೀಸುಬಲೆ ಹಾಕುತ್ತಿದ್ದೇನೆ. ಮೊದಮೊದಲು ಬಲೆ ಅರಳದೆ ಮುದ್ದೆಯಾಗಿ ಬೀಳುತ್ತಿತ್ತು. ಈಗ ಪರವಾಗಿಲ್ಲ.

ನಿನ್ನ ಭಾವ ಮನೆಯಲ್ಲೇ ಇದ್ದಾರೆ. ಬಲೆ ಹೆಣೆಯುತ್ತಿದ್ದಾರೆ.

ನಿಮ್ಮ ಗೇಟಿನಿಂದ ಬಿಡುವ ನೀರು ಯಾವ ಬಣ್ಣದ್ದು? ಸುಮ್ಮನೆ ಕೇಳಿದೆ.

ಅಕ್ಕ

ಮೇ ೬

ಅಕ್ಕಾ,

ಭಾವ ಮನೆಯಲ್ಲಿ ಕೂತು ಬಲೆ ಹೆಣೆಯುತ್ತಿದ್ದಾರೆ, ನೀನು ಹೊಳೆಗಿಳಿದಿದ್ದೀಯ. ಕೊನೆಗೂ ಅವರಿಗೆ ಬುದ್ಧಿ ಬಂತು ಅನ್ನು. ಬಾಗಿಲಲ್ಲಿ ಕೂತು ಆರಾಮಾಗಿ ಬೀಡಿ ಸೇದುವುದನ್ನು ಕಲ್ಪಿಸಿಕೊಂಡು ನಕ್ಕೆ. ಚೆನ್ನಾಗಿ ರೇಗಿಸು.

ನೀರಿನ ಬಣ್ಣ ಕೇಳಿದ್ದೀಯ. ಬಣ್ಣವೇ ಇಲ್ಲ. ಇಷ್ಟು ತಿಂಗಳು ನಿಂತು ಮಣ್ಣೆಲ್ಲ ತಳಕ್ಕೆ ಕೂತಿದೆ. ಮೇಲಿನ ನೀರು ಗಾಜಿನ ಹಾಗೆ ಹೋಗುತ್ತದೆ. ಗೇಟಿನ ಕೆಳಗೆ ನಿಂತು ನೋಡಿದರೆ ಒಂದೊಂದು ಕಲ್ಲೂ ಕಾಣುತ್ತದೆ. ಅಷ್ಟು ಚೆನ್ನಾದ ನೀರು ನಿಮಗೆ ಬರುತ್ತಿದೆ.

ತಮ್ಮ

ಮೇ ೨೩

ತಮ್ಮನಿಗೆ,

ಗಾಜಿನ ಹಾಗೆ. ಸರಿ. ತಿಳಿಯಿತು.

ಅಕ್ಕ

ಜೂನ್ ೩೦

ಅಕ್ಕಾ,

ಡ್ರೈವರ್ ನಿನ್ನೆ ಇಲ್ಲಿ ಚಹಾ ಕುಡಿಯುತ್ತಾ, "ನಿಮ್ ಭಾವ ಈಗ ಕೋಲು ಹಿಡ್ಕೊಂಡು ಅಂಗಳದವರೆಗೆ ಬರ್ತಾರೆ, ಪರವಾಗಿಲ್ಲ" ಅಂದ. ನನಗೆ ಗೊತ್ತಿದೆ ಅಂದುಕೊಂಡು ಹೇಳಿದ. ನಾನೂ ಗೊತ್ತಿರುವವನ ಹಾಗೆ ತಲೆಯಾಡಿಸಿದೆ.

ನಾನು ಮೇ ತಿಂಗಳಲ್ಲಿ ಬರೆದ ಕಾಗದ ನೆನಪಿಗೆ ಬಂತು. ರೇಗಿಸು ಅಂತ ಬರೆದಿದ್ದೆ.

ಏನಾಯಿತು, ಯಾವ ದಿನ ಆಯಿತು, ಬರೆ. ಮುಚ್ಚಿಡಬೇಡ.

ತಮ್ಮ

ಜುಲೈ ೧೪

ತಮ್ಮನಿಗೆ,

ದೂರದಲ್ಲಿ ಕೂತು ನೀನು ಏನು ಮಾಡುತ್ತೀಯ ಎಂದು ಬರೆದಿರಲಿಲ್ಲ. ಈಗ ಕೇಳಿದ್ದೀಯ, ಬರೆಯುತ್ತೇನೆ.

ಏಪ್ರಿಲ್ ಹತ್ತು. ಆಕಾಶದಲ್ಲಿ ಒಂದು ಮೋಡ ಇರಲಿಲ್ಲ. ನಿನ್ನ ಭಾವ ಬಂಡೆಯ ಮೇಲಿದ್ದರು. ನಾನು ದಡದಲ್ಲಿ ಮೀನಿನ ಹುರುಪೆ ಕೆರೆಯುತ್ತಾ ಕೂತಿದ್ದೆ. ಆಗಾಗ ತಟ್ಟೆ ನೋಡುತ್ತಿದ್ದೆ. ಹೂವು ಕಾಣುತ್ತಿತ್ತು. ಮತ್ತೆ ನೋಡಿದೆ, ಕಾಣುತ್ತಿತ್ತು. ಎಸಳೆಸಳೂ ಕಾಣುತ್ತಿತ್ತು. ಅವರು ಅಲ್ಲಿಂದ, "ಹೂವು ಇದೆಯೇನೇ?" ಎಂದು ಕೂಗಿದರು. "ಇದೆ, ಇದೆ" ಎಂದೆ.

ನನ್ನ ಕಾಲು ಒದ್ದೆಯಾದ ಮೇಲೆ ಗೊತ್ತಾಯಿತು. ಮೊಣಕಾಲುದ್ದ ನೀರಿನಲ್ಲಿದ್ದ ತಟ್ಟೆ ಎದೆಮಟ್ಟದ ನೀರಿಗೆ ಹೋಗಿತ್ತು. ಅಷ್ಟು ಹೊತ್ತೂ ಹೂವನ್ನು ನೋಡುತ್ತಾ ಇದ್ದೆ, ನೀರನ್ನು ನೋಡಲೇ ಇಲ್ಲ. ನಾನು ಕೂಗುವಷ್ಟರಲ್ಲಿ ಕಾಲುವೆ ತುಂಬಿತ್ತು. ಅವರು ಹಾರಿದರು. ಸೆಳವು ಎಳೆದುಕೊಂಡು ಹೋಗಿ ಎರಡು ಕಲ್ಲಿನ ಸಂದಿಗೆ ಕಾಲು ಸಿಕ್ಕಿಸಿತು. ಸಿಕ್ಕಿದ್ದಕ್ಕೇ ಉಳಿದರು, ಮಂಡಿ ಮಾತ್ರ ಹೋಯಿತು. ವೈದ್ಯರು ನಡೆಯಬಹುದು ಎಂದಿದ್ದಾರೆ. ನಡೆಯುತ್ತಾರೆ.

ಕಾಲಿನದು ನನಗೆ ಚಿಂತೆಯಿಲ್ಲ. "ನಾನಾಗಲಿ ನೀನಾಗಲಿ ತಪ್ಪು ಮಾಡಿಲ್ಲ, ಹೊಳೆನೇ ಸುಳ್ಳು ಹೇಳ್ತು" ಎಂದರು. ಅಂದಿನಿಂದ ಹೊಳೆಗೆ ಬೆನ್ನು ಹಾಕಿ ಕೂರುತ್ತಾರೆ. ಕುರ್ಚಿ ಆ ಕಡೆ ತಿರುಗಿಸಿ ಇಟ್ಟರೆ ಎದ್ದು ಈ ಕಡೆ ತಿರುಗಿಸಿಕೊಳ್ಳುತ್ತಾರೆ. ಮದುವೆಯಾದಾಗಿನಿಂದ ನನಗಿಂತ ಹೆಚ್ಚು ಹೊಳೆಯನ್ನೇ ನೋಡಿದ ಮನುಷ್ಯ. ನನಗೆ ಇದನ್ನು ನೋಡಲು ಆಗುವುದಿಲ್ಲ.

ಈಗ ಮಳೆಗಾಲ. ನೀರು ಕೆಂಪಗೆ ಬಂದು ಕೆಂಪಗೇ ಹೋಗುತ್ತಿದೆ. ಮೊಟ್ಟೆ ತುಂಬಿದ ಮೀನು ಪ್ರವಾಹದ ಎದುರು ಹತ್ತುತ್ತಿವೆ. ಅಪ್ಪ ಇವನ್ನು ಹಿಡಿಯಬಾರದು ಎನ್ನುತ್ತಿದ್ದ, ಹಿಡಿಯುತ್ತಿಲ್ಲ. ಅಂಚಿನ ಹುಲ್ಲಿನಲ್ಲಿ ಹಾವುಮೀನು ಸಿಕ್ಕಿದಷ್ಟು ಸಿಕ್ಕಿತು.

ಆ ಗೇಟಿನವನು ಎದುರಿಗೆ ಸಿಕ್ಕರೆ ಒಂದೇ ಮಾತು ಕೇಳುತ್ತೇನೆ. ಕೆಳಗೆ ಜನ ಇದ್ದಾರೆ ಅಂತ ಗೊತ್ತಿತ್ತಾ, ಇಲ್ಲವಾ.

ಅಕ್ಕ

ಸೆಪ್ಟೆಂಬರ್ ೨೧

ಅಕ್ಕಾ,

ತಡವಾಯಿತು. ಜ್ವರವೇನೂ ಇರಲಿಲ್ಲ, ಕೆಲಸವೂ ಹೆಚ್ಚಿರಲಿಲ್ಲ. ಕಾಗದ ತೆಗೆದು ಕೂರುತ್ತಿದ್ದೆ, ಎದ್ದು ಹೋಗುತ್ತಿದ್ದೆ.

ಏಪ್ರಿಲ್ ಹತ್ತರ ಬಗ್ಗೆ ನನಗೆ ಹೇಳಲು ಏನೂ ಇಲ್ಲ. ಹಾಗಲ್ಲ, ಇದೆ, ಬರೆಯಲು ಬರುವುದಿಲ್ಲ.

ಇಲ್ಲಿ ನೀರು ಬಿಡುವಾಗ ಸೈರನ್ ಹಾಕುತ್ತಾರೆ. ಒಂದು ದಿನ ರಜೆ ಹಾಕಿ ಹೊಳೆಯ ಪಕ್ಕ ನಡೆದುಕೊಂಡು ಹೋದೆ. ಎರಡನೇ ತಿರುವು ದಾಟಿದ ಮೇಲೆ ಸೈರನ್ ಕೇಳುವುದಿಲ್ಲ. ನಿಮ್ಮ ಕಡೆಗೆ ಇನ್ನೂ ಎಷ್ಟೋ ತಿರುವುಗಳಿವೆ. ಇಂಜಿನಿಯರರಿಗೆ ಹೇಳಿದೆ. "ನಿಯಮದ ಪ್ರಕಾರ ಸೈರನ್ ಇದೆಯಲ್ಲಪ್ಪ" ಅಂದರು. ಕೆಟ್ಟವರಲ್ಲ. ಅವರು ಅದನ್ನು ಕಚೇರಿಯಲ್ಲಿ ಕೂತು ಕೇಳಿದ್ದಾರೆ, ಅಲ್ಲಿಗೆ ಕಿವಿ ಕಿತ್ತುಹೋಗುವ ಹಾಗೆ ಕೇಳುತ್ತದೆ.

ಒಂದು ಮಾತು. ಮಳೆ ನಿಂತ ಮೇಲೆ ತಟ್ಟೆ ಎತ್ತಿ ಒಳಗಿಡಬೇಡ. ಇದ್ದಲ್ಲೇ ಇರಲಿ. ದಿನಾ ನೋಡು.

ತಮ್ಮ

ಅಕ್ಟೋಬರ್ ೨೮

ತಮ್ಮನಿಗೆ,

ಮಳೆ ನಿಂತು ಹೊಳೆ ತಿಳಿಯಾಯಿತು. ನೊರೆಯ ಗೆರೆ ಮತ್ತೆ ಬಂಡೆಯ ಎಡಕ್ಕೆ ಬಂದಿದೆ, ಮೀಸೆ ಮೀನು ಅದರ ಕೆಳಗೇ ಇವೆ. ನೀನು ಹೇಳಿದ ಹಾಗೆ ತಟ್ಟೆ ತೆಗೆದಿಲ್ಲ. ಆ ಸುಳ್ಳುಬುರುಕಿ ತಟ್ಟೆಯನ್ನು ಯಾಕೆ ನೋಡಬೇಕು ಎಂದು ಮನಸ್ಸಿನಲ್ಲೇ ಬೈದುಕೊಂಡೆ, ಆದರೂ ನೋಡಿದೆ.

ಹೋದ ವಾರ ಸುಡುಬಿಸಿಲಿನಲ್ಲಿ ಹೂವು ಮಾಯವಾಯಿತು. ಮೋಡವಿಲ್ಲ, ಗಾಳಿಯಿಲ್ಲ. ಹಳೆಯ ಅಭ್ಯಾಸ, ಬಲೆ ಎಳೆದುಕೊಂಡು ಮೇಲೆ ಬಂದೆ. ಸ್ವಲ್ಪ ಹೊತ್ತಿಗೆ ನೀರು ಏರಿತು. ಮುಂದೆ ಬಂದದ್ದು ಬಗ್ಗಡ, ಹಿಂದೆ ಬಂದದ್ದು ಗಾಜಿನಂಥ ನೀರು. ಎರಡು ದಿನ ಬಿಟ್ಟು ಮತ್ತೆ ಹಾಗೇ ಆಯಿತು. ನಿನ್ನ ಭಾವನಿಗೆ ಹೇಳಿದೆ. ಕೇಳಿಸದವರ ಹಾಗೆ ಕೂತಿದ್ದರು. ಮೂರನೇ ಸಲ ಅವರೇ ಕೋಲು ಊರಿಕೊಂಡು ದಡಕ್ಕೆ ಬಂದು ನಿಂತು ನೋಡಿದರು. ತುಂಬಾ ಹೊತ್ತು ನೋಡಿದರು. ಆಮೇಲೆ, "ಯಾರೋ ಕೂಗಿ ಹೇಳ್ತಿದಾರೆ" ಎಂದರು.

ರಾತ್ರಿಯೆಲ್ಲ ಯೋಚಿಸಿದೆ. ತಟ್ಟೆಯ ಸಂಗತಿ ಗೊತ್ತಿರುವವರು ಈ ಭೂಮಿಯ ಮೇಲೆ ಮೂರೇ ಜನ. ಒಬ್ಬರು ಕೋಲು ಹಿಡಿದು ನಿಂತಿದ್ದರು, ಒಬ್ಬಳು ಬಲೆ ಹಿಡಿದು ನಿಂತಿದ್ದಳು. ಮಾರ್ಚ್‌ನಲ್ಲಿ ನೀನು ಬರೆದ ಕಾಗದ ತೆಗೆದು ನೋಡಿದೆ. ಗ್ರೀಸಿನ ಕಲೆ ಇನ್ನೂ ಇದೆ. ಗೇಟಿನವನನ್ನು ಬೈದರೆ ಕಚೇರಿಯಲ್ಲಿ ಬರೆಯುವವನಿಗೆ ಯಾಕೆ ಅಷ್ಟು ನೋವಾಯಿತು ಎಂದು ಆಗಲೇ ಕೇಳಬೇಕಿತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ.

ಉತ್ತರ ಕೊಡುವುದು ಬೇಡ. ನಾನು ಬೈದದ್ದಕ್ಕೇ ನೀನು ಮುಚ್ಚಿಟ್ಟೆ ಎಂದು ನನಗೆ ಗೊತ್ತು. ಎರಡು ದಿನ ಸಿಟ್ಟಿತ್ತು, ಸುಳ್ಳು ಹೇಳಲಾರೆ. ಈಗ ಇಲ್ಲ.

ಚಳಿ ಶುರುವಾಗುತ್ತಿದೆ. ಕೈ ಸೇದಿಹೋಗಲಿ ಎಂದಿದ್ದೆ. ಕೈಗಳಿಗೆ ಎಣ್ಣೆ ಹಚ್ಚಿಕೋ.

ಅಕ್ಕ

ನವೆಂಬರ್ ೨೦

ಅಕ್ಕಾ,

ಎಣ್ಣೆ ಹಚ್ಚಿಕೊಂಡೆ.

ಅಣೆಕಟ್ಟಿನ ಒಂದು ಪಕ್ಕದಲ್ಲಿ, ತಳಕ್ಕೆ, ಒಂದು ಸಣ್ಣ ಗೇಟಿದೆ. ಹೂಳು ಹೊರಗೆ ಹೋಗಲಿ ಅಂತ ಇಟ್ಟಿರುವುದು. ವರ್ಷಕ್ಕೊಮ್ಮೆ, ಅದೂ ಅಪ್ಪಣೆ ಬಂದರೆ, ತೆರೆಯಬೇಕು. ಈಗಿನ ಗೇಟಿನವನು ನೀರು ಬಿಡಲು ಫೋನು ಬಂದ ಕೂಡಲೇ ಮೊದಲು ಅದನ್ನು ಒಂದು ಗೇಣು ಎತ್ತುತ್ತಾನಂತೆ. ಆಮೇಲೆ ಸ್ಟೌವ್ ಹಚ್ಚಿ, ನೀರು ಕಾಯಿಸಿ, ಚಹಾ ಮಾಡಿ, ಆರಿಸಿಕೊಂಡು ಕುಡಿದು, ಲೋಟ ತೊಳೆದಿಟ್ಟು ದೊಡ್ಡ ಗೇಟಿಗೆ ಹೋಗುತ್ತಾನಂತೆ. ನಿಧಾನದ ಮನುಷ್ಯ. ಕೆಳಗೆ ಜನ ಇದ್ದಾರೆ ಅಂತ ಅವನಿಗೆ ಗೊತ್ತಿತ್ತು. ತಿಳಿನೀರು ಅಂದರೆ ಒಳ್ಳೆಯದೇ ಅಂದುಕೊಂಡಿದ್ದ, ಅಷ್ಟೇ. ಅವನೂ ಅಪ್ಪನ ಮಾತು ಕೇಳಿಯೇ ಬೆಳೆದವನು.

ಪಟ್ಟಣದವರು ನೀರು ರಾಡಿ ಬರುತ್ತಿದೆ ಅಂತ ದೂರು ಕೊಟ್ಟಿದ್ದಾರೆ. ಇಂಜಿನಿಯರು ಬಂದು ಸಣ್ಣ ಗೇಟಿನ ಚಕ್ರ ಮುಟ್ಟಿ ನೋಡಿ, "ಇದಕ್ಕೆ ತುಕ್ಕೇ ಹಿಡಿದಿಲ್ಲವಲ್ಲ" ಅಂದರು. ನಾನು ಲೋಟ ತೊಳೆಯುತ್ತಾ ನಿಂತೆ.

ಭಾವ ಹೇಗಿದ್ದಾರೆ? ಸರಿಯಾಗಿ ಬರೆ.

ತಮ್ಮ

ಡಿಸೆಂಬರ್ ೧೯

ತಮ್ಮನಿಗೆ,

ಸರಿಯಾಗಿಯೇ ಬರೆಯುತ್ತೇನೆ. ನಿನ್ನ ಭಾವ ಬಂಡೆಗೆ ಹೋದರು.

ಮೊದಲು ಕುರ್ಚಿ ತಿರುಗಿತು. ನಾನು ತಿರುಗಿಸಲಿಲ್ಲ. ಆಮೇಲೆ ದಡದಲ್ಲಿ ಕೂತು ನನ್ನ ಬಲೆ ನೋಡಿ, "ಅದೇನೇ ಅದು, ಸೊಳ್ಳೆ ಪರದೆ ಒಗೆದ ಹಾಗೆ ಒಗೀತೀಯ" ಎಂದರು. ಆ ಮಾತು ಕೇಳಿ ನನಗೆ ಹೋದ ಜೀವ ಬಂದಂತಾಯಿತು. ಮೊನ್ನೆ ಕಾಲುವೆ ದಾಟಿದರು, ಒಂದು ಕೈ ಕೋಲಿನ ಮೇಲೆ, ಒಂದು ಕೈ ನನ್ನ ಹೆಗಲ ಮೇಲೆ. ಬಂಡೆಯ ಮೇಲೆ ಕೂತೇ ಗಾಳ ಬಿಟ್ಟರು. ಒಂದು ಮೀನೂ ಬೀಳಲಿಲ್ಲ. ಚಳಿಗೆ ಮೀನು ತಳ ಬಿಡುವುದಿಲ್ಲ, ಅದು ಅವರಿಗೂ ಗೊತ್ತು. ಆದರೂ ಬಿಸಿಲು ಇಳಿಯುವವರೆಗೆ ಕೂತಿದ್ದರು.

"ಮೇಲಿರೋನು ಇರೋವರೆಗೆ ಭಯ ಇಲ್ಲ" ಎನ್ನುತ್ತಾರೆ. ಜನ ಕೇಳಿಸಿಕೊಂಡರೆ ದೇವರ ಮಾತು ಎಂದುಕೊಳ್ಳುತ್ತಾರೆ.

ಈಗ ದಿನಾ ಹೋಗುತ್ತಿದ್ದಾರೆ.

ಅಕ್ಕ

ಜನವರಿ ೧೬

ಅಕ್ಕಾ,

ಈ ಕಾಗದ ಬೇಗ ಸಿಗಬೇಕಿತ್ತು. ಸೇತುವೆ ರಿಪೇರಿ ಅಂತ ಲಾರಿ ನಿಂತಿದೆ, ಅಂಚೆಗೆ ಹಾಕುತ್ತಿದ್ದೇನೆ. ಯಾವಾಗ ತಲುಪುತ್ತದೋ ಗೊತ್ತಿಲ್ಲ.

ನನ್ನನ್ನು ಪಟ್ಟಣದ ಉಗ್ರಾಣಕ್ಕೆ ವರ್ಗ ಮಾಡಿದ್ದಾರೆ. ಕೆಲಸದಿಂದ ತೆಗೆಯಬಹುದಿತ್ತು, ಇಂಜಿನಿಯರು ತೆಗೆಯಲಿಲ್ಲ. ಅಪ್ಪಣೆ ಇಲ್ಲದೆ ಹೂಳಿನ ಗೇಟು ತೆರೆದದ್ದು ತಪ್ಪೇ. ಯಾಕೆ ಅಂತ ಕೇಳಿದರು, ತಟ್ಟೆಯ ಸಂಗತಿ ಪೂರ್ತಿ ಹೇಳಿದೆ. ಕೇಳಿಸಿಕೊಂಡರು. ಮೇಲಿನವರಿಗೆ ಬರೆಯುತ್ತೇನೆ ಅಂದರು. ಬರೆಯಬಹುದು.

ನಾಳೆ ನನ್ನ ಕೊನೆಯ ದಿನ. ಹದಿನೆಂಟರಿಂದ ಬೇರೆಯವನು ಬರುತ್ತಾನೆ. ಅವನಿಗೂ ಹೇಳಿ ನೋಡಿದೆ. "ಅಣ್ಣಾ, ನನ್ನ ನೌಕರಿ ಇನ್ನೂ ಹೊಸದು, ನಿಮಗಾದದ್ದು ನೋಡಿದ ಮೇಲೂ ನನ್ನ ಕೈಲಿ ಆಗತ್ತಾ?" ಅಂದ. ಅವನ ಮೇಲೆ ನನಗೆ ಕೋಪ ಬರಲಿಲ್ಲ. ಅವನೂ ನಾಡಿದ್ದಿನಿಂದ ಫೋನು ಬಂದರೆ ತೆರೆಯುವವನು.

ಹದಿನೆಂಟರಿಂದ ತಟ್ಟೆಯನ್ನು ನಂಬಬೇಡಿ. ನೀರು ತಿಳಿಯಾಗಿಯೇ ಏರುತ್ತದೆ. ಭಾವ ಬಂಡೆಗೆ ಹೋಗಬಾರದು. ಅವರು ಕೇಳದಿದ್ದರೆ ಕೋಲು ಬಚ್ಚಿಡು.

ಬೆಳಿಗ್ಗೆ ಬಿಟ್ಟ ನೀರು ಮಧ್ಯಾಹ್ನಕ್ಕೆ ನಿಮ್ಮಲ್ಲಿರುತ್ತದೆ. ಕಾಗದಕ್ಕೆ ಎಷ್ಟು ದಿನವೋ. ನನಗೆ ಹೆದರಿಕೆಯಾಗುತ್ತಿದೆ ಅಕ್ಕಾ. ನಾಳೆ ಒಂದು ದಿನ ಚಕ್ರ ನನ್ನ ಕೈಯಲ್ಲಿದೆ, ಏನು ಮಾಡಲಾಗುತ್ತದೋ ನೋಡುತ್ತೇನೆ.

ತಮ್ಮ

ಜನವರಿ ೨೮

ತಮ್ಮನಿಗೆ,

ಉಗ್ರಾಣದ ವಿಳಾಸಕ್ಕೆ ಬರೆಯುತ್ತಿದ್ದೇನೆ. ಅಲ್ಲಿ ಗಾಳಿ ಬೆಳಕು ಇದೆಯೋ ಇಲ್ಲವೋ. ಊಟ ಬಿಡಬೇಡ.

ಹದಿನೇಳನೇ ತಾರೀಖು ಮಧ್ಯಾಹ್ನ ಹೂವು ಮಾಯವಾಯಿತು. ನಿನ್ನ ಭಾವ ಬಂಡೆಯಿಂದ ಎದ್ದು ಬಂದರು. ಇಬ್ಬರೂ ದಡದಲ್ಲಿ ಕೂತು ನೀರು ಏರುವುದನ್ನು ಕಾದೆವು. ಏರಲಿಲ್ಲ. ಇನ್ನೂ ಕಾದೆವು. ಬಗ್ಗಡ ಬರುತ್ತಲೇ ಇತ್ತು, ಬರಬರುತ್ತಾ ಇನ್ನೂ ಗಟ್ಟಿಯಾಯಿತು. ನೀರು ಮಾತ್ರ ಒಂದು ಬೆರಳಿನಷ್ಟೂ ಮೇಲೆ ಬರಲಿಲ್ಲ. "ಏನಾಗಿದೆ ಇವತ್ತು ನಿನ್ ತಮ್ಮನಿಗೆ? ಕೂಗ್ತಾನೇ ಇದಾನೆ, ಏನೂ ಬರ್ತಿಲ್ಲ" ಎಂದರು. ನನಗೂ ಮೊದಲು ಗೇಟು ಕೆಟ್ಟಿರಬೇಕು ಎನ್ನಿಸಿತು.

ಹೊತ್ತು ಮುಳುಗುವವರೆಗೂ ಹಾಗೇ ಇತ್ತು. ಆಮೇಲೆ ನನಗೆ ಅರ್ಥವಾಯಿತು. ನೀನು ಕೆಲಸಕ್ಕೆಂದು ಮೊದಲ ಸಲ ಮನೆ ಬಿಟ್ಟ ದಿನ ರಸ್ತೆಯ ತಿರುವು ಬರುವವರೆಗೂ ಕೈ ಬೀಸುತ್ತಲೇ ಹೋಗಿದ್ದೆ. ಬಸ್ಸಿನ ಕಿಟಕಿಯಿಂದಲೂ ಬೀಸಿದ್ದೆ. ಸುಮ್ಮನೆ ಕೂಗುವವನಲ್ಲ ನೀನು. ನೀರು ಬರುವುದಿಲ್ಲ, ಆದರೂ ಕೂಗುತ್ತೀಯ ಎಂದರೆ, ಇನ್ನು ಮುಂದೆ ಕೂಗಲು ನೀನಿರುವುದಿಲ್ಲ ಎಂದರ್ಥ. ಕೂತಲ್ಲೇ ಅತ್ತೆ.

ಮಾರನೆಯ ದಿನ ಹೊಳೆ ತೊಳೆದಿಟ್ಟ ಹಾಗಿತ್ತು. ಹೂವು ಕಾಣುತ್ತಿತ್ತು. ಅವರು ಗಾಳ ಎತ್ತಿಕೊಂಡರು. ಬೇಡ ಎಂದೆ. "ಹೂವು ಕಾಣ್ತಿದೆಯಲ್ಲೇ" ಎಂದರು. "ಮೇಲಿದ್ದವನು ಹೋದ" ಎಂದೆ. ನನ್ನ ಮುಖ ನೋಡಿ ಗಾಳ ಕೆಳಗಿಟ್ಟರು. ಆಚೆ ದಡದಲ್ಲಿ ಬಲೆ ಹಾಕುವವರನ್ನೂ ಕೂಗಿ ಮೇಲಕ್ಕೆ ಕರೆದೆ. ಅವರು ಗೊಣಗಿಕೊಂಡು ಬಂದರು. ಆ ದಿನ ಏನೂ ಆಗಲಿಲ್ಲ, ಎಲ್ಲರೂ ನನ್ನನ್ನು ನೋಡಿ ನಕ್ಕರು. ಇಪ್ಪತ್ತರಂದು ನೀರು ಏರಿತು. ಬಂಡೆ ಮುಳುಗಿತು. ಮುಳುಗುವವರೆಗೂ ಹೂವು ಎಸಳೆಸಳಾಗಿ ಕಾಣುತ್ತಿತ್ತು. ಬಂಡೆಯ ಮೇಲೆ ಯಾರೂ ಇರಲಿಲ್ಲ.

ಬಂಡೆಯನ್ನು ಬಿಟ್ಟೆವು. ಇನ್ನು ದಡದಿಂದ ಸಿಕ್ಕಿದ್ದೇ ಮೀನು. ಕಡಿಮೆ ಸಿಗುತ್ತದೆ, ನಡೆಯುತ್ತದೆ. ಕುರ್ಚಿ ದಡದಲ್ಲೇ ಇದೆ, ಹೊಳೆಗೆ ಮುಖ ಮಾಡಿ. ಅವರು ಅದರಲ್ಲಿ ಕೂತು ನಾನು ಬಲೆ ಬೀಸುವುದಕ್ಕೆ ಹೆಸರಿಡುತ್ತಿರುತ್ತಾರೆ.

ನಿನ್ನ ಕಾಗದ ನಿನ್ನೆ ಬಂತು. ಓದಿದೆ. ನಿನ್ನ ಭಾವ, "ಏನು ಬರೆದಿದಾನೆ?" ಎಂದು ಕೇಳಿದರು.

"ಹೊಸದೇನಿಲ್ಲ" ಎಂದೆ.

ಅಕ್ಕ